ಅಕ್ಷರ ಗೊತ್ತು, ಓದು ಬರುವುದಿಲ್ಲ: ನ್ಯೂಯಾರ್ಕ್ ಶಾಲೆಗಳು ಕಲಿತ ಪಾಠದಲ್ಲಿ ನಮಗೇನುಂಟು?

ರಜೆಯ ದಿನ ಊರಿಗೆ ವಿಡಿಯೋ ಕಾಲ್ ಮಾಡಿದಾಗ ನಮ್ಮಲ್ಲಿ ಅನೇಕರು ಮಕ್ಕಳಿಗೆ ಹೇಳುವ ಮಾತು ಒಂದೇ: "ಶಾಲೆಯಲ್ಲಿ ಏನು ಕಲಿಸಿದ್ರು ಮಗಾ? ಸ್ವಲ್ಪ ಓದಿ ತೋರಿಸು ನೋಡುವ." ಮಗು ಪಾಠದ ಪುಸ್ತಕ ತಂದು ಒಂದೊಂದೇ ಅಕ್ಷರ ಬಿಡಿಸಿ ಓದುತ್ತದೆ. ಸಾಲು ಮುಗಿದ ಮೇಲೆ "ಅದ್ರಲ್ಲಿ ಏನು ಹೇಳಿದ್ದಾರೆ?" ಎಂದು ಕೇಳಿದರೆ ಉತ್ತರ ಇಲ್ಲ. ಇನ್ನು ಕೆಲವು ಮಕ್ಕಳದ್ದು ಉಲ್ಟಾ. ಗಳಗಳ ಓದಿದ ಹಾಗೆ ಕಾಣುತ್ತದೆ, ಆದರೆ ಪುಟದ ಚಿತ್ರ ಮುಚ್ಚಿದರೆ ಒಂದು ಪದವೂ ಗುರುತಾಗುವುದಿಲ್ಲ. ಅದು ಬಾಯಿಪಾಠ ಅಷ್ಟೇ.

ಇದು ಒಂದೆರಡು ಮನೆಯ ಕತೆಯಲ್ಲ. 2024ರ 'ಅಸರ್' ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳಲ್ಲಿ ಐದನೇ ತರಗತಿಗೆ ಬಂದ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ. 44.8 ಮಾತ್ರ. ಶ್ರೀಮಂತ ದೇಶ ಅಂದುಕೊಂಡ ಅಮೆರಿಕದಲ್ಲೂ ಸಮಾಧಾನ ಪಡುವ ಹಾಗಿಲ್ಲ. ಅದೇ ವರ್ಷದ ರಾಷ್ಟ್ರೀಯ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಸುಮಾರು ಶೇ. 40ರಷ್ಟು ಮಕ್ಕಳು ಓದಿನಲ್ಲಿ ಕನಿಷ್ಠ ಮಟ್ಟವನ್ನೂ ಮುಟ್ಟಲಿಲ್ಲ. ಈ ವಿಷಯದಲ್ಲಿ ಅತಿ ದೊಡ್ಡ ಜಗಳ ನಡೆದದ್ದು, ಅತಿ ದೊಡ್ಡ ಬದಲಾವಣೆಯೂ ಆದದ್ದು ನ್ಯೂಯಾರ್ಕಿನಲ್ಲಿ. ಅಲ್ಲಿ ಏನಾಯ್ತು ಎಂದು ತಿಳಿದರೆ ನಮ್ಮ ಮಕ್ಕಳಿಗೂ ಉಪಕಾರ ಉಂಟು.

ಪುಸ್ತಕ ತುಂಬಿದ ಕ್ಲಾಸು, ಆದರೂ ಓದು ಬರಲಿಲ್ಲ

2003ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಾಲದಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಿಗೆ 'ಬ್ಯಾಲೆನ್ಸ್‌ಡ್ ಲಿಟರಸಿ' ಎಂಬ ಪದ್ಧತಿ ಬಂತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಲೂಸಿ ಕಾಲ್ಕಿನ್ಸ್ ಅವರು 1981ರಲ್ಲಿ ಶುರು ಮಾಡಿದ ಯೋಜನೆ ಇದರ ಹಿಂದಿನ ದೊಡ್ಡ ಶಕ್ತಿ. ಕ್ಲಾಸಿನಲ್ಲೇ ಒಂದು ಸಣ್ಣ ಗ್ರಂಥಾಲಯ, ನೆಲದ ಮೇಲೆ ರತ್ನಗಂಬಳಿ, ಒಳ್ಳೊಳ್ಳೆ ಮಕ್ಕಳ ಪುಸ್ತಕಗಳು. ಮಗು ತನಗೆ ಇಷ್ಟವಾದ ಪುಸ್ತಕ ಆರಿಸಿ ಓದಬೇಕು, ಓದುತ್ತಾ ಓದುತ್ತಾ ಓದುಗನಾಗಬೇಕು. ಕೇಳಲಿಕ್ಕೆ ಎಷ್ಟು ಚಂದ!

ತೊಡಕು ಇದ್ದದ್ದು ಒಂದು ಕಡೆ. ಗೊತ್ತಿಲ್ಲದ ಪದ ಬಂದಾಗ ಏನು ಮಾಡಬೇಕು? ಚಿತ್ರ ನೋಡು, ಮೊದಲ ಅಕ್ಷರ ನೋಡು, ಯಾವ ಪದ ಹೊಂದುತ್ತದೆ ಅಂತ ಊಹಿಸು ಎಂದು ಹೇಳಿಕೊಡುತ್ತಿದ್ದರು. ಚಿತ್ರದಲ್ಲಿ ಕುದುರೆ ಇದ್ದರೆ, ಅಲ್ಲಿ ಬರೆದದ್ದು 'ಪೋನಿ' ಆದರೂ ಮಗು 'ಹಾರ್ಸ್' ಎಂದು ಓದಿ ಮುಂದೆ ಹೋಗುತ್ತದೆ. ಮನೆಯಲ್ಲಿ ಪುಸ್ತಕ ಇರುವ, ಟ್ಯೂಷನ್ ಕೊಡಿಸುವ ಅಪ್ಪ ಅಮ್ಮನ ಮಕ್ಕಳು ಹೇಗೋ ದಡ ಸೇರಿದರು. ಬಡವರ, ವಲಸೆ ಬಂದವರ ಮಕ್ಕಳು ಹಿಂದೆ ಉಳಿದರು. ಮೂರನೇ, ನಾಲ್ಕನೇ ತರಗತಿಯಲ್ಲಿ ಚಿತ್ರ ಕಡಿಮೆಯಾಗಿ ಪದ ಹೆಚ್ಚಾದಾಗ ಊಹೆ ಕೈಕೊಟ್ಟಿತು.

2000ದಲ್ಲೇ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ವರದಿ ಸ್ಪಷ್ಟವಾಗಿ ಹೇಳಿತ್ತು: ಓದಿಗೆ ಐದು ಅಂಗಗಳು. ಪದದೊಳಗಿನ ಸದ್ದುಗಳನ್ನು ಕೇಳಿ ಬಿಡಿಸುವುದು, ಸದ್ದಿಗೂ ಅಕ್ಷರಕ್ಕೂ ಇರುವ ಸಂಬಂಧ, ಸರಾಗ, ಶಬ್ದಭಂಡಾರ, ಅರ್ಥಗ್ರಹಣ. 2022ರಲ್ಲಿ ಪತ್ರಕರ್ತೆ ಎಮಿಲಿ ಹ್ಯಾನ್‌ಫೋರ್ಡ್ ಅವರ 'ಸೋಲ್ಡ್ ಎ ಸ್ಟೋರಿ' ಪಾಡ್‌ಕಾಸ್ಟ್ ಬಂದ ಮೇಲೆ ಊಹೆಯ ಪದ್ಧತಿ ಬಗ್ಗೆ ಪೋಷಕರೇ ಪ್ರಶ್ನೆ ಕೇಳಲು ಶುರು ಮಾಡಿದರು. ಕಾಲ್ಕಿನ್ಸ್ ಅವರೂ ತಮ್ಮ ಪಠ್ಯವನ್ನು ತಿದ್ದಿ ಅಕ್ಷರ-ಸದ್ದಿನ ಪಾಠ ಹೆಚ್ಚಿಸಿದರು. 2023ರ ಮೇ ತಿಂಗಳಲ್ಲಿ ಮೇಯರ್ ಎರಿಕ್ ಆಡಮ್ಸ್ 'ಎನ್‌ವೈಸಿ ರೀಡ್ಸ್' ಘೋಷಿಸಿದರು. ನಗರದ 32 ಶಾಲಾ ಜಿಲ್ಲೆಗಳೂ ಮೂರು ಪಠ್ಯಕ್ರಮಗಳಲ್ಲಿ ಒಂದನ್ನು ಆರಿಸಬೇಕು: 'ಇನ್‌ಟು ರೀಡಿಂಗ್', 'ವಿಟ್ ಆ್ಯಂಡ್ ವಿಸ್ಡಮ್', 'ಇಎಲ್ ಎಜುಕೇಶನ್'. 2024ರ ಶಾಲಾ ವರ್ಷಕ್ಕೆ ಎಲ್ಲ ಜಿಲ್ಲೆಗಳೂ ಇದರೊಳಗೆ ಬಂದವು. 3ರಿಂದ 8ನೇ ತರಗತಿವರೆಗಿನ ಇಂಗ್ಲಿಷ್ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದ ಮಕ್ಕಳು 2024ರಲ್ಲಿ ಶೇ. 49.1 ಇದ್ದರೆ 2025ರಲ್ಲಿ ಶೇ. 56.3 ಆದರು. ಒಂದು ವರ್ಷದ ಅಂಕೆ ನೋಡಿ ಗೆದ್ದೆವು ಎನ್ನುವಂತಿಲ್ಲ, ಆದರೂ ಇದು ಸಣ್ಣ ಏರಿಕೆಯಲ್ಲ.

ಹಾಗಾದರೆ ಕತೆಪುಸ್ತಕ ಬೇಡವಾ?

ಇಲ್ಲೇ ಹೆಚ್ಚಿನವರು ತಪ್ಪು ತಿಳಿಯುವುದು. ತಪ್ಪಾದದ್ದು ಕತೆಪುಸ್ತಕದಿಂದಲ್ಲ. ಅಕ್ಷರ ಕಲಿಸುವ ಕೆಲಸವನ್ನೂ ಕತೆಪುಸ್ತಕದ ತಲೆಗೇ ಕಟ್ಟಿದ್ದರಿಂದ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಸರಳ ಲೆಕ್ಕದಲ್ಲಿ ಹೇಳಿದರು. ಅರ್ಥವಾಗುವ ಓದು ಎಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಅರ್ಥವಾಗುವ ಶಕ್ತಿಯಿಂದ ಗುಣಿಸಿದ ಹಾಗೆ. ನೆನಪಿಡಿ, ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಅಕ್ಷರ ಬಿಡಿಸುವುದನ್ನು ಕ್ರಮವಾಗಿ, ನೇರವಾಗಿ ಕಲಿಸಬೇಕು. ಭಾಷೆ, ಪದ, ಲೋಕಜ್ಞಾನ ಬೆಳೆಯುವುದು ಮುಖ್ಯವಾಗಿ ಮಾತು ಮತ್ತು ಕತೆಯಿಂದ. ಪಾಠಪುಸ್ತಕದ 'ಇದು ಕಮಲ, ಇದು ಬಸವ' ಮಟ್ಟದ ವಾಕ್ಯ ಅಕ್ಷರ ಅಭ್ಯಾಸಕ್ಕೆ ಆದೀತು, ಮನಸ್ಸು ಬೆಳೆಸಲಿಕ್ಕೆ ಸಾಲದು.

ಹೊಸ ವ್ಯವಸ್ಥೆಯಲ್ಲೂ ಈ ಚರ್ಚೆ ಮುಗಿದಿಲ್ಲ. 'ಇನ್‌ಟು ರೀಡಿಂಗ್' ಸಂಕಲನದ ರೂಪದ್ದು, ಬಿಡಿ ಪಾಠಗಳೇ ಜಾಸ್ತಿ, ಪೂರ್ತಿ ಪುಸ್ತಕ ಓದುವ ಖುಷಿ ಕಡಿಮೆಯಾಯ್ತು ಎಂದು ದೂರುವ ಶಿಕ್ಷಕರು ಅಲ್ಲಿದ್ದಾರೆ. ಉಳಿದೆರಡರಲ್ಲಿ ಪೂರ್ತಿ ಮಕ್ಕಳ ಪುಸ್ತಕಗಳಿಗೆ ಹೆಚ್ಚು ಜಾಗ ಉಂಟು.

ಒಂದು ಪುಸ್ತಕ, ಹಲವು ಪಾಠ

ಕ್ಲಾಸಿನಲ್ಲಿ ಕತೆಪುಸ್ತಕ ಹೇಗೆ ಕೆಲಸ ಮಾಡುತ್ತದೆ ಎನ್ನಲು 'ದ ಸ್ನೋಯಿ ಡೇ' ತೆಗೆದುಕೊಳ್ಳುವ. ಬ್ರೂಕ್ಲಿನ್‌ನಲ್ಲಿ ಪೋಲೆಂಡಿನಿಂದ ಬಂದ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿದ ಎಜ್ರಾ ಜಾಕ್ ಕೀಟ್ಸ್ 1962ರಲ್ಲಿ ಮಾಡಿದ ಪುಸ್ತಕ. ಮರುವರ್ಷ ಕಾಲ್ಡೆಕಾಟ್ ಪದಕ ಪಡೆಯಿತು. 2020ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ತನ್ನ 125 ವರ್ಷದ ಲೆಕ್ಕ ತೆಗೆದಾಗ ಅತಿ ಹೆಚ್ಚು ಸಲ ಎರವಲು ಹೋದದ್ದು ಇದೇ, 4,85,583 ಸಲ.

ಪೀಟರ್ ಎಂಬ ಕಪ್ಪು ಹುಡುಗ ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ಹಿಮ ನೋಡುತ್ತಾನೆ. ಕೆಂಪು ಅಂಗಿ ತೊಟ್ಟು ಹೊರಗೆ ಹೋಗಿ ಹೆಜ್ಜೆ ಗುರುತು ಮಾಡುತ್ತಾನೆ, ಕೋಲಿನಿಂದ ಗೆರೆ ಎಳೆಯುತ್ತಾನೆ. ಕೊನೆಗೆ ನಾಳೆಗೆ ಬೇಕು ಅಂತ ಒಂದು ಹಿಮದ ಉಂಡೆಯನ್ನು ಕಿಸೆಗೆ ಹಾಕಿ ಮನೆಗೆ ಬರುತ್ತಾನೆ. ರಾತ್ರಿ ನೋಡಿದರೆ ಕಿಸೆ ಖಾಲಿ!

ಟೀಚರ್ ಮೊದಲ ದಿನ ನಿಲ್ಲಿಸದೆ ಓದುತ್ತಾರೆ. ಮಕ್ಕಳು ಕತೆ ಸವಿಯಲಿ ಅಂತ. ಎರಡನೇ ಸಲ ಎರಡು ಮೂರು ಹೊಸ ಪದಗಳ ಹತ್ತಿರ ನಿಂತು, ಅರ್ಥ ಹೇಳಿ, ಮಕ್ಕಳಿಂದಲೇ ಅಭಿನಯ ಮಾಡಿಸುತ್ತಾರೆ. ಮೂರನೇ ಸಲ "ಉಂಡೆ ಎಲ್ಲಿಗೆ ಹೋಯ್ತು? ಪೀಟರನಿಗೆ ಯಾಕೆ ಬೇಜಾರಾಯ್ತು?" ಎಂದು ಕೇಳುತ್ತಾರೆ. ಕರಗಿತು ಎಂದು ಮಗುವೇ ಕಂಡುಕೊಳ್ಳಬೇಕು. ಇದೇ ಅರ್ಥಗ್ರಹಣ. ಆಮೇಲೆ ಮಕ್ಕಳು ಕತೆಯನ್ನು ತಮ್ಮ ಮಾತಲ್ಲಿ ಹೇಳುತ್ತಾರೆ, ಎರಡು ವಾಕ್ಯ ಬರೆಯುತ್ತಾರೆ. ಅಕ್ಷರದ ಪಾಠ ಅದೇ ದಿನ ಬೇರೆ ಹೊತ್ತಿನಲ್ಲಿ, ಕಲಿತ ಅಕ್ಷರಗಳೇ ಇರುವ ಸಣ್ಣ ಪುಸ್ತಕದಲ್ಲಿ ನಡೆಯುತ್ತದೆ.

ಮನೆಮಾತು ಅಡ್ಡಿಯಲ್ಲ

"ಮನೆಯಲ್ಲಿ ತುಳು, ಬ್ಯಾರಿ ಮಾತಾಡಿದ್ರೆ ಶಾಲೆಯಲ್ಲಿ ಹಿಂದೆ ಬೀಳ್ತಾರೆ" ಎಂದು ಹೆದರುವವರು ನಮ್ಮಲ್ಲೂ ಇದ್ದಾರೆ. ಅವರು ಪುರಾ ಬೆಲ್ಪ್ರೆ ಅವರ ಕತೆ ಕೇಳಬೇಕು. ಪೋರ್ಟೊ ರಿಕೊದಿಂದ ಬಂದ ಈಕೆ 1921ರಲ್ಲಿ ಹಾರ್ಲೆಮ್‌ನ ಗ್ರಂಥಾಲಯ ಶಾಖೆಯಲ್ಲಿ ಕೆಲಸಕ್ಕೆ ಸೇರಿದರು. ವಲಸೆ ಮಕ್ಕಳಿಗೆ ತಮ್ಮ ಊರಿನ ಕತೆಯ ಪುಸ್ತಕ ಕಪಾಟಿನಲ್ಲಿ ಒಂದೂ ಇಲ್ಲ ಎಂದು ಕಂಡು, ಅಜ್ಜಿಯಿಂದ ಕೇಳಿದ ಕತೆಗಳನ್ನು ತಾನೇ ಹೇಳಲು ಶುರು ಮಾಡಿದರು, ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ. 1932ರಲ್ಲಿ 'ಪೆರೆಜ್ ಮತ್ತು ಮಾರ್ಟಿನಾ' ಪುಸ್ತಕವಾಯಿತು. ಇವತ್ತು ಅವರ ಹೆಸರಿನಲ್ಲಿ ಮಕ್ಕಳ ಸಾಹಿತ್ಯದ ಪ್ರಶಸ್ತಿಯೇ ಉಂಟು.

1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ವಿದ್ವಾಂಸೆ ಇದನ್ನೇ ಕನ್ನಡಿ ಮತ್ತು ಕಿಟಕಿ ಎಂದು ವಿವರಿಸಿದರು. ಪುಸ್ತಕದಲ್ಲಿ ಮಗುವಿಗೆ ತನ್ನ ಮುಖವೂ ಕಾಣಬೇಕು, ಬೇರೆಯವರ ಲೋಕವೂ ಕಾಣಬೇಕು. ನ್ಯೂಜೆರ್ಸಿಯಲ್ಲಿ 2022ರ ಜನವರಿಯಲ್ಲಿ ಏಷ್ಯನ್ ಅಮೆರಿಕನ್ನರ ಇತಿಹಾಸವನ್ನು ಶಾಲೆಗಳಲ್ಲಿ ಕಲಿಸಬೇಕೆಂಬ ಕಾನೂನು ಬಂತು. ಎಡಿಸನ್, ಜೆರ್ಸಿ ಸಿಟಿ ಕಡೆ ಇರುವ ನಮ್ಮವರ ಮಕ್ಕಳಿಗೆ ಇದು ದೊಡ್ಡ ವಿಷಯ. ಅಲ್ಲಿಯ ಕನ್ನಡ ಕುಟುಂಬಗಳು ವಾರಾಂತ್ಯದ ಕನ್ನಡ ಕ್ಲಾಸು ನಡೆಸುವುದೂ, ದುಬೈಯಲ್ಲಿ ಕನ್ನಡ ಮಿತ್ರರು ಉಚಿತವಾಗಿ ಕನ್ನಡ ಪಾಠಶಾಲೆ ನಡೆಸುವುದೂ ಇದೇ ಕಾರಣಕ್ಕೆ. ಮನೆಮಾತಿನಲ್ಲಿ ಕತೆ ಕೇಳಿದ ಮಗುವಿಗೆ ಕತೆಯ ನಡೆ ಗೊತ್ತಿರುತ್ತದೆ, ಬೇರೆ ಭಾಷೆಯಲ್ಲಿ ಓದುವಾಗಲೂ ಅದು ಕೈಹಿಡಿಯುತ್ತದೆ.

ಕನ್ನಡದ ಲೆಕ್ಕ ಬೇರೆ

ಇಂಗ್ಲಿಷಿನಲ್ಲಿ 26 ಅಕ್ಷರ, ಆದರೆ ಬರೆದ ಹಾಗೆ ಓದುವಂತಿಲ್ಲ. ಕನ್ನಡದಲ್ಲಿ ಬರೆದ ಹಾಗೆ ಓದಬಹುದು, ಆದರೆ ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು 400 ದಾಟುತ್ತವೆ. ಒತ್ತಕ್ಷರ ಬೇರೆ. ಕರ್ನಾಟಕದ ಮಕ್ಕಳ ಮೇಲೆ ಸೋನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಕಲಿಕೆ ನಾಲ್ಕನೇ ತರಗತಿವರೆಗೂ ಎಳೆಯುತ್ತದೆ ಎಂದು ತೋರಿಸಿತು. ಹಾಗಾಗಿ ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ಎಡವಿದರೆ ಬೈಯಬೇಡಿ ಮಾರಾಯ್ರೆ, ಅದು ದಡ್ಡತನ ಅಲ್ಲ.

ಕತೆ, ಹಾಡಿನಿಂದ ಕಲಿಸುವುದು ನಮಗೆ ಹೊಸತೂ ಅಲ್ಲ. ಬಂಟ್ವಾಳದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು, ಮಕ್ಕಳ ಬಾಯಿಗೆ ಒಗ್ಗುವ ಪದ್ಯ, ಕತೆ ಬರೆದವರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ 'ನಲಿ-ಕಲಿ' ಕೂಡ ಹಾಡು, ಕತೆ, ಕಾರ್ಡುಗಳಿಂದಲೇ ಕಲಿಸುವ ಪದ್ಧತಿ.

ದೂರದಲ್ಲಿದ್ದುಕೊಂಡು ನಾವೇನು ಮಾಡಬಹುದು?

ವಾರಕ್ಕೆ ಮೂರು ದಿನ, ಹತ್ತು ನಿಮಿಷ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ ಕತೆಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮಟ್ಟ 1ರಿಂದ 4ರವರೆಗೆ. ಒಂದೇ ಪುಸ್ತಕವನ್ನು ನೀವು ನಿಮ್ಮ ಫೋನಿನಲ್ಲಿ, ಮಗು ಊರಿನಲ್ಲಿ ತೆರೆದಿಡಿ. ಬೋಟಿಮ್‌ನಲ್ಲೋ ಬೇರೆ ಆ್ಯಪ್‌ನಲ್ಲೋ ಕಾಲ್ ಮಾಡಿ.

ಮೊದಲು ನೀವು ಓದಿ, ಮಗು ಕೇಳಲಿ. ಅದೇ ಪುಸ್ತಕವನ್ನು ಮೂರು ಸಲ ಓದಿ, "ಪುನಃ ಅದೇ ಕತೆಯಾ?" ಅನ್ನಬೇಡಿ. ಮಾತುಕತೆ ಮನೆಮಾತಿನಲ್ಲೇ ಇರಲಿ, ತುಳುವೋ ಕೊಂಕಣಿಯೋ ಬ್ಯಾರಿಯೋ. ಮಗು ಓದುವಾಗ ಪದ ಸಿಗದಿದ್ದರೆ "ಚಿತ್ರ ನೋಡಿ ಹೇಳು" ಅನ್ನುವ ಬದಲು "ಅಕ್ಷರ ನೋಡು, ಕೂಡಿಸಿ ಹೇಳು" ಅನ್ನಿ. ಕೊನೆಗೆ "ನೀನಾದ್ರೆ ಏನು ಮಾಡ್ತಿದ್ದೆ?" ಎಂದು ಕೇಳಿ, ಎರಡು ಸಾಲು ಬರೆದು ಫೋಟೋ ಕಳಿಸಲು ಹೇಳಿ. ಮಕ್ಕಳು ಇಲ್ಲೇ ಜೊತೆಗಿದ್ದರೆ ಪ್ರತಿ ವರ್ಷ ನಡೆಯುವ ಶಾರ್ಜಾ ಮಕ್ಕಳ ಓದು ಉತ್ಸವಕ್ಕೆ ಒಂದು ಸಲ ಕರೆದುಕೊಂಡು ಹೋಗಿ.

ಎಷ್ಟು ಕಲಿಸಿದರೂ ಅಕ್ಷರ ನಿಲ್ಲದಿದ್ದರೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಡಿಸ್‌ಲೆಕ್ಸಿಯಾ ಉಂಟಾ ಅಂತ ತಜ್ಞರಲ್ಲಿ ಕೇಳಿ. ನ್ಯೂಜೆರ್ಸಿ 2024ರಲ್ಲಿ ಮಾಡಿದ ಕಾನೂನು ಮೂರನೇ ತರಗತಿವರೆಗಿನ ಮಕ್ಕಳ ಓದನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು ಅನ್ನುತ್ತದೆ. ಬೇಗ ಗೊತ್ತಾದಷ್ಟೂ ಸುಲಭ ಎಂಬುದೇ ಅದರ ಉದ್ದೇಶ.

ನಾವು ಇಲ್ಲಿ ದುಡಿದು ಕಳಿಸುವ ಹಣದಲ್ಲಿ ಫೀಸು ಕಟ್ಟಿ ಆಗುತ್ತದೆ, ಯೂನಿಫಾರ್ಮು ಬ್ಯಾಗು ಬರುತ್ತದೆ. ಆದರೆ ಕತೆ ಓದುವ ಅಪ್ಪನ ದನಿ ಹಣದಿಂದ ಬರುವುದಿಲ್ಲ. ಮುಂದಿನ ಸಲ ಕಾಲ್ ಮಾಡಿದಾಗ "ಓದಿ ತೋರಿಸು" ಅನ್ನುವ ಮೊದಲು, "ಬಾ ಮಗಾ, ನಾನೊಂದು ಕತೆ ಓದ್ತೇನೆ" ಎಂದು ಹೇಳಿ ನೋಡಿ.