ಬಗನಿ ಮರದ ಸಿಹಿ, ಅದನ್ನು ಇಳಿಸುತ್ತಿದ್ದ ಕೈ

ಹೆಗ್ಗೋಡಿನ ಸುತ್ತಮುತ್ತ ಅಡಿಕೆ ತೋಟ ಮುಗಿದು ಸೊಪ್ಪಿನಬೆಟ್ಟ ಶುರುವಾಗುವ ಕಡೆ ಅಲ್ಲೊಂದು ಇಲ್ಲೊಂದು ಬಗನಿ ಮರ ಎದ್ದು ನಿಂತಿರುತ್ತದೆ. ಅಂಚು ಹರಿದಂತಿರುವ ಎಲೆ, ನುಣುಪಾದ ಬೂದು ಕಾಂಡ, ಕುದುರೆಯ ಬಾಲದಂತೆ ಜೋತುಬಿದ್ದ ಹೂಗೊನೆ. ನೀನಾಸಂ ಶಿಬಿರಕ್ಕೋ ಚರಕ ಸಂಸ್ಥೆಯ ಬಟ್ಟೆ ಕೊಳ್ಳಲೋ ಬಂದವರು ಈ ಮರದ ಕೆಳಗೇ ಹಾದುಹೋಗುತ್ತಾರೆ. ಮದುವೆ ಚಪ್ಪರಕ್ಕೆ ಸೊಪ್ಪು ಬೇಕಾದಾಗ ಬಿಟ್ಟರೆ ಊರಿನವರಿಗೂ ಈಗ ಅದರ ನೆನಪಾಗುವುದು ಕಡಿಮೆ. ಒಂದು ಕಾಲಕ್ಕೆ ಇದೇ ಮರದಿಂದ ಮಲೆನಾಡಿನ ದೀವರ ಸಮುದಾಯದ ಮನೆಗಳ ಮಡಕೆಗೆ ಸಿಹಿಯೂ ಇಳಿಯುತ್ತಿತ್ತು, ಕಳ್ಳೂ ಇಳಿಯುತ್ತಿತ್ತು.

ಆ ಕೆಲಸ ಮಾಡಿದವರಲ್ಲಿ ಈಗ ಉಳಿದವರು ಕೆಲವೇ ಮಂದಿ. ನನಗೆ ಸಿಕ್ಕ ಅಜ್ಜ ಮರ ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಕತ್ತಿ ಮಾತ್ರ ಮಾಡಿನ ಸಂದಿಯಲ್ಲಿ ಜೋಪಾನವಾಗಿದೆ. ಅಗಲ ಅಲಗು, ತೆಳುವಾದ ಬಾಯಿ, ತುದಿಯಲ್ಲಿ ಸಣ್ಣ ಬಾಗು. ಇದನ್ನು ಕಲ್ಲಿಗೆ ಮಸೆಯುವಂತಿಲ್ಲವಂತೆ. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನುಣ್ಣನೆ ಪುಡಿ ಉದುರಿಸಿ, ಅದರ ಮೇಲೆ ಅಲಗನ್ನು ಹಿಂದೆ ಮುಂದೆ ಎಳೆಯಬೇಕು. ಅಜ್ಜ ನನ್ನೆದುರಿಗೇ ಎಳೆದು ತೋರಿಸಿದರು. ನಾಲ್ಕು ಎಳೆತಕ್ಕೆ ಅಲಗು ಬೆಳ್ಳಗಾಯಿತು. ಮುಂಗೈಯ ರೋಮದ ಮೇಲೆ ಆಡಿಸಿ ನೋಡಿ, ಸಾಲದು ಎಂದು ತಲೆಯಾಡಿಸಿ ಮತ್ತೆ ಎಳೆದರು. ಇಷ್ಟು ಹರಿತ ಯಾಕೆ ಎಂದರೆ, ಗೊನೆಯ ತುದಿಯಿಂದ ತೆಗೆಯಬೇಕಾದ ಚೂರು ಎಲೆಯಷ್ಟು ತೆಳ್ಳಗಿರಬೇಕು. ದಪ್ಪ ಕೊಯ್ದರೆ ಗೊನೆ ಬೇಗ ಮುಗಿದುಹೋಗುತ್ತದೆ. ಕತ್ತಿ ಮೊಂಡಾಗಿದ್ದರೆ ನಾರು ಜಜ್ಜಿ, ರಸ ಬರುವ ದಾರಿ ಮುಚ್ಚುತ್ತದೆ. ಗಾಯ ತನ್ನಷ್ಟಕ್ಕೆ ಕಟ್ಟಿಕೊಳ್ಳುವ ಗುಣ ಮರಕ್ಕೂ ಇದೆ. ಅದು ಕಟ್ಟಿಕೊಳ್ಳುವ ಮೊದಲೇ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೊಸ ಬಾಯಿ ತೆರೆದುಕೊಡಬೇಕು. ಮಳೆಯಿರಲಿ, ಮನೆಯಲ್ಲಿ ಮದುವೆಯಿರಲಿ, ಸೂತಕವಿರಲಿ, ಮರ ಕಾಯುವುದಿಲ್ಲ. ಎರಡು ಹೊತ್ತು ತಪ್ಪಿದರೆ ಗೊನೆ ಒಣಗಿತೆಂದೇ ಲೆಕ್ಕ.

ಹೂ ಬಿರಿಯುವ ಮೊದಲೇ ಗೊನೆಯ ಹೊದಿಕೆ ಬಿಡಿಸಿ, ಎಸಳುಗಳನ್ನು ಕಟ್ಟಿ, ಮೆಲ್ಲಗೆ ತಟ್ಟಿ ಹದಗೊಳಿಸುವುದು ಮೊದಲ ಕೆಲಸ. ಎಷ್ಟು ತಟ್ಟಬೇಕು ಎಂದು ಕೇಳಿದರೆ ಅಜ್ಜ ಬಾಯಲ್ಲಿ ಹೇಳಲಿಲ್ಲ. ನನ್ನ ಮುಂಗೈ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಆ ಮೇಲೆ ಕೊಯ್ತ, ಮಡಕೆ ಕಟ್ಟುವುದು, ಇಳಿಸುವುದು. ಏಣಿ ಎಂದರೆ ಗೆಣ್ಣಿನ ಕವಲನ್ನು ಗೇಣುದ್ದ ಬಿಟ್ಟು ಸವರಿದ ಒಂಟಿ ಬಿದಿರು, ಅದನ್ನು ಮರಕ್ಕೆ ಬಿಗಿಯಾಗಿ ಕಟ್ಟಿರುತ್ತಾರೆ. ಒಳ್ಳೆಯ ಮರ ದಿನಕ್ಕೆ ಹತ್ತು ಲೀಟರಿಗೂ ಮೀರಿ ಕೊಡುವುದುಂಟು. ಒಂದು ಗೊನೆ ವಾರಗಟ್ಟಲೆ ಸುರಿಯುತ್ತದೆ.

ಬಗನಿಯ ಬಾಳುವೆಯ ಕ್ರಮವೇ ಬೇರೆ. ಹತ್ತು ಹದಿನೈದು ವರ್ಷ ಸುಮ್ಮನೆ ಬೆಳೆದು, ಕಾಂಡದಲ್ಲಿ ಹಿಟ್ಟು ತುಂಬಿಕೊಂಡು, ಆಮೇಲೆ ಮೊದಲ ಗೊನೆಯನ್ನು ನೆತ್ತಿಯಲ್ಲಿ ಬಿಡುತ್ತದೆ. ಮುಂದಿನ ಗೊನೆಗಳು ಒಂದೊಂದಾಗಿ ಕೆಳಕೆಳಗೆ ಬರುತ್ತವೆ. ಕಟ್ಟಕಡೆಯ ಗೊನೆ ಹಣ್ಣಾದ ಮೇಲೆ ಮರ ಸಾಯುತ್ತದೆ. ಬರಗಾಲದಲ್ಲಿ ಕಾಂಡದ ತಿರುಳು ಕುಟ್ಟಿ ಹಿಟ್ಟು ತೆಗೆದು ತಿಂದವರಿದ್ದಾರೆ. ಆನೆಗಳಿಗೆ ಈ ಸೊಪ್ಪೆಂದರೆ ಪ್ರಾಣ. ಹೊರಗಿನ ಕಪ್ಪು ಕಟ್ಟಿಗೆ ಕಬ್ಬಿಣದಷ್ಟು ಗಟ್ಟಿ, ಸೀಳಿ ತಿರುಳು ತೆಗೆದರೆ ತೋಟಕ್ಕೆ ನೀರು ಹಾಯಿಸುವ ದೋಣಿ. ಹಣ್ಣು ಮಾತ್ರ ಮುಟ್ಟಿದರೆ ತುರಿಕೆ. ಕಬ್ಬೆಕ್ಕಿಗೆ ಅದೇನೂ ಲೆಕ್ಕಕ್ಕಿಲ್ಲ. ಹಣ್ಣು ತಿಂದು ಬೀಜವನ್ನು ಕಾಡೆಲ್ಲ ಹರಡುವುದು ಅದೇ, ರಾತ್ರಿ ಮರ ಹತ್ತಿ ಮಡಕೆಗೆ ಬಾಯಿ ಹಾಕುವುದೂ ಅದೇ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಲ್ಲಿ ಅಚ್ಚಾಗತೊಡಗಿದ ‘ಹೊರ್ತೂಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥದ ಮೊದಲ ಸಂಪುಟದಲ್ಲೇ ಬಗನಿಯ ಚಿತ್ರವಿದೆ.

ಮಡಕೆಯೊಳಗೆ ಏನು ನಡೆಯುತ್ತದೆ ಎಂಬುದು ಈ ಕಸುಬಿನ ಇನ್ನರ್ಧ. ಸುಣ್ಣ ಬಳಿದ ಮಡಕೆ ಕಟ್ಟಿದರೆ ರಸ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ಕುದಿಸಿದರೆ ಬೆಲ್ಲ. ಸುಣ್ಣವಿಲ್ಲದ, ಹಿಂದಿನ ದಿನದ ಮಡ್ಡಿ ಒಂದಿಷ್ಟು ಉಳಿದ ಮಡಕೆ ಕಟ್ಟಿದರೆ ಹನಿ ಬೀಳುತ್ತಿದ್ದಂತೆಯೇ ಹುಳಿಯಲು ಶುರು. ಬೆಳಗಿನ ಸಿಹಿ ಮಧ್ಯಾಹ್ನಕ್ಕೆ ನೊರೆಗಟ್ಟಿ, ಸಂಜೆಗೆ ಖಾರವಾಗಿ, ಮರುದಿನಕ್ಕೆ ಹುಳಿಯಾಗುತ್ತದೆ. ಯೀಸ್ಟನ್ನು ಯಾರೂ ತಂದು ಹಾಕುವುದಿಲ್ಲ. ಗಾಳಿ, ಗೊನೆಗೆ ಮುತ್ತುವ ಹುಳ, ಮಡಕೆಯ ಒಳಮೈ, ಇವೇ ಹೆಪ್ಪು ಕೊಡುತ್ತವೆ. ಹದವಾದ ಕಳ್ಳಿನ ಮದ್ಯದ ಅಂಶ ಬಿಯರಿಗೆ ಹತ್ತಿರ, ಶೇ 4ರಿಂದ 6ರ ಆಸುಪಾಸು.

ಇದನ್ನೆಲ್ಲ ಕೇಳುವಾಗ ನನ್ನ ಮನಸ್ಸು ಬೇರೊಂದು ನಾಡಿಗೆ ಹೋಗುತ್ತಿತ್ತು. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸಲು ಅಡ್ಡಿಯಿದ್ದ ಫೆಡರಲ್ ಕಾನೂನನ್ನು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿ ಸಡಿಲಿಸಿದರು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರು, ಮಾರುವಂತಿಲ್ಲ. ಅಲ್ಲಿಂದ ಅದೊಂದು ದೊಡ್ಡ ಹವ್ಯಾಸವಾಗಿ ಬೆಳೆಯಿತು. ಹುರಿದ ಬಾರ್ಲಿಯಿಂದ ಕಾಫಿ ಡಿಕಾಕ್ಷನ್ನಿನ ಬಣ್ಣದ ಸ್ಟೌಟ್ ಎಂಬ ಬಿಯರ್ ಮಾಡಿ, ಬೂರ್ಬನ್ ವಿಸ್ಕಿಯಲ್ಲಿ ನೆನೆಸಿದ ಓಕ್ ಮರದ ತುಂಡುಗಳನ್ನು ಅದರಲ್ಲಿ ಮುಳುಗಿಸಿಟ್ಟು, ಕೊನೆಗೆ ಮೇಪಲ್ ಮರದ ಪಾಕ ಸೇರಿಸುವವರು ಅಲ್ಲಿ ಬೇಕಾದಷ್ಟಿದ್ದಾರೆ. ಬೂರ್ಬನ್ ಎನಿಸಿಕೊಳ್ಳಬೇಕಾದರೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ಊರೂರು ಸುತ್ತುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ವೆನಿಲ್ಲಾದ ಪರಿಮಳ ಬರುವುದು ಆ ಸುಟ್ಟ ಮರದಿಂದ. ಇನ್ನು ಮೇಪಲ್ಲಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದರೆ ಮರದ ವಾಸನೆಯ ಎಳೆಯೊಂದಷ್ಟೇ ಉಳಿಯುತ್ತದೆ. ಅದಕ್ಕೇ ಅವರು ಪಾಕವನ್ನು ಕಡೆಗೆ ಹಾಕುತ್ತಾರೆ.

ಮೇಪಲ್ ರಸದಲ್ಲಿರುವ ಸಕ್ಕರೆ ಶೇ 2ರಷ್ಟು ಮಾತ್ರ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಕುದಿಸಬೇಕು. ಬಗನಿಯ ರಸ ಅದಕ್ಕಿಂತ ಎಷ್ಟೋ ಪಟ್ಟು ಸಿಹಿ. ಶ್ರೀಲಂಕಾದಲ್ಲಿ ಇದೇ ಮರಕ್ಕೆ ಕಿತುಲ್ ಎನ್ನುತ್ತಾರೆ. ಅಲ್ಲಿ ಗೊನೆಗೆ ಹಚ್ಚುವ ಮದ್ದಿನ ಗುಟ್ಟು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಸೌದೆ ಒಲೆಯ ಹೊಗೆವಾಸನೆ ಹೊತ್ತ ಕಿತುಲ್ ಪಾನಿಯನ್ನು ಎಮ್ಮೆ ಮೊಸರಿನ ಮೇಲೆ ಸುರಿದು ತಿನ್ನುತ್ತಾರೆ, ಬಾಟಲಿಗೆ ತುಂಬಿ ಹೊರದೇಶಕ್ಕೂ ಕಳಿಸುತ್ತಾರೆ. ಅದೇ ಮರ, ಅದೇ ರಸ. ನಮ್ಮಲ್ಲಿ ಕೇಳುವವರಿಲ್ಲ.

ಹಾಗೆಂದು ದೀವರು ಈ ಕಸುಬು ಬಿಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಹಳೆಪೈಕರೆಂದು ಹಳೆಯ ಬರಹಗಳಲ್ಲಿ ಕಾಣುವ ಈ ಜನಕ್ಕೆ ಮಡಕೆಯ ಜೊತೆಗೇ ಅವಮಾನವನ್ನೂ ಹೊರಿಸಲಾಗಿತ್ತು. ಕಳ್ಳು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಕೇರಳದಲ್ಲಿ ನಾರಾಯಣ ಗುರುಗಳು ತಮ್ಮವರಿಗೆ ಹೇಳಿದ ಮಾತು ಘಟ್ಟ ಹತ್ತಿ ಇಲ್ಲಿಗೂ ಬಂತು. ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ 1951ರಲ್ಲಿ ಕಾಗೋಡಿನಲ್ಲಿ ಎದ್ದು ನಿಂತವರು ಇದೇ ದೀವರ ಗೇಣಿದಾರರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಬಂದ ಮೇಲೆ ಮರ ಹತ್ತುವ ಕಷ್ಟ ಯಾರಿಗೆ ಬೇಕು? ಮಕ್ಕಳು ಶಾಲೆಗೆ ಹೋದರು. ಸೊರಬದ ಕಡೆಯ ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಯೂ ಆದರು. ಈ ನಡುವೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳ ಜೊತೆ ಅಲ್ಲಿನ ಕಾಡೂ ನೀರಿನಡಿ ಹೋಯಿತು. ಅಬ್ಕಾರಿ ಕಾನೂನು ಬಿಗಿಯಾಯಿತು. ಕರಾವಳಿಯಲ್ಲಿ ಮೂರ್ತೆದಾರರು ಇನ್ನೂ ತೆಂಗಿನ ಕಳ್ಳು ಇಳಿಸುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಅದಕ್ಕೆ ಅವಕಾಶವಿಲ್ಲ.

ಕಳ್ಳಿನಂಗಡಿ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಈ ಸೀಮೆ ಸಾಕಷ್ಟು ಕಂಡಿದೆ. ಆದರೆ ಸುಣ್ಣದ ಮಡಕೆಯ ಸಿಹಿರಸಕ್ಕೆ ಯಾಕೆ ಈ ಅಂಜಿಕೆ? ತೆಂಗಿನ ಸಿಹಿರಸವಾದ ನೀರಾ ಇಳಿಸಲು ಸರ್ಕಾರವೇ ಅವಕಾಶ ಕೊಟ್ಟಿದೆ. ಬಗನಿಗೂ ಅದೇ ದಾರಿ ತೆರೆದರೆ ನಮ್ಮ ಜೋನಿ ಬೆಲ್ಲದ ಪಕ್ಕದಲ್ಲಿ ಬಗನಿ ಬೆಲ್ಲವೂ ಕೂರಬಹುದು, ಕತ್ತಿ ಹಿಡಿಯುವ ಕೈಗೆ ಮರ್ಯಾದೆಯ ಕೂಲಿ ಸಿಗಬಹುದು. ಬಗನಿಯನ್ನು ನೆಟ್ಟು ಬೆಳೆಸುವವರು ಇಲ್ಲಿ ನನಗೆ ಕಾಣಲಿಲ್ಲ. ತೋಟದ ಅಂಚು ಸವರುವಾಗ ಮೊದಲು ಬೀಳುವುದು ಇದೇ ಮರ. ಇವತ್ತು ಸಸಿ ಇಟ್ಟರೂ ಮೊದಲ ಗೊನೆಗೆ ಹತ್ತು ವರ್ಷವಾದರೂ ಕಾಯಬೇಕು.

ಅಜ್ಜನ ಮಗ ಅಡಿಕೆ ನೋಡಿಕೊಳ್ಳುತ್ತಾರೆ, ಮೊಮ್ಮಗ ಶಿವಮೊಗ್ಗದಲ್ಲಿ ಓದುತ್ತಿದ್ದಾನೆ. ಇಬ್ಬರಿಗೂ ಕತ್ತಿ ಹಿಡಿದು ಗೊತ್ತಿಲ್ಲ. ಮನೆಯ ಹಿಂದಿನ ಬಗನಿಯಲ್ಲಿ ಈ ವರ್ಷ ಗೊನೆ ಬಿಟ್ಟಿದೆ, ಹೊದಿಕೆ ಇನ್ನೂ ಬಿರಿದಿಲ್ಲ. ಸರ್ಕಾರ ಒಪ್ಪಿದರೆ ಯಾರಿಗಾದರೂ ಕಲಿಸುತ್ತೀರಾ ಎಂದು ಕೇಳಿದೆ. ಹತ್ತಲು ಕಾಲು ಬಾರದು, ಹತ್ತುವ ಹುಡುಗ ಸಿಕ್ಕರೆ ಕೆಳಗೆ ನಿಂತು ಹೇಳಿಕೊಡುತ್ತೇನೆ ಎಂದರು. ಮಳೆಗಾಲಕ್ಕೆ ಮೊದಲೇ ಬಂದರೆ ಒಳ್ಳೆಯದು ಎಂದೂ ಸೇರಿಸಿದರು.