ಬಂಪರ್ ಹಿಂದೆ ಏನಾಗಿದೆ, ನೋಡಿದ್ರಾ?

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ತಿರುಗಿಸುವಾಗ ಕಂಬಕ್ಕೊಂದು ಏಟು. ಇಲ್ಲವೇ ಮುಂದಿದ್ದ ಆಟೋ ಗಕ್ಕನೆ ನಿಂತು ಅದರ ಬೆನ್ನಿಗೆ ನಿಮ್ಮ ಕಾರು ಡಿಕ್ಕಿ. ಇಳಿದು ನೋಡಿದರೆ ಬಂಪರ್ ಮೇಲೊಂದು ಗೀರು, ಅಷ್ಟೆ. 'ಸದ್ಯ, ಹೆಚ್ಚೇನೂ ಆಗಿಲ್ಲ' ಅಂದುಕೊಂಡು ಮನೆಗೆ ಬರುತ್ತೀರಿ. ಯಜಮಾನರಿಗೆ ಹೇಳಬೇಕೋ ಬೇಡವೋ ಅನ್ನೋದಷ್ಟೇ ಆಗಿನ ಚಿಂತೆ! ಆದರೆ ಪ್ಲಾಸ್ಟಿಕ್ ಬಂಪರ್ ಒಳಗೆ ಹೋಗಿ ಮತ್ತೆ ಮೊದಲಿನಂತೆ ಉಬ್ಬಿಕೊಂಡುಬಿಡುತ್ತೆ. ಅದರ ಹಿಂದಿರುವ ಕಬ್ಬಿಣ ಹಾಗಲ್ಲ, ಬಾಗಿದರೆ ಬಾಗಿಯೇ ಇರುತ್ತೆ.

ಆ ಕಬ್ಬಿಣದ ಚೌಕಟ್ಟೇ ರೇಡಿಯೇಟರ್ ಸಪೋರ್ಟ್. ಕೆಲವು ಕಾರುಗಳಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನದೂ ಇರುತ್ತೆ. ಎಂಜಿನ್ ತಣ್ಣಗಿಡುವ ರೇಡಿಯೇಟರ್, ಅದರ ಮುಂದಿನ ಎ.ಸಿ. ಕಂಡೆನ್ಸರ್, ಬಹಳಷ್ಟು ಕಾರುಗಳಲ್ಲಿ ಹೆಡ್‌ಲೈಟ್, ಬಾನೆಟ್ ಲಾಕ್ ಎಲ್ಲ ಇದನ್ನೇ ನಂಬಿಕೊಂಡಿರುತ್ತವೆ. ಇದು ಸೊಟ್ಟಗಾದರೆ ರೇಡಿಯೇಟರ್ ಫ್ಯಾನಿಗೆ ತಾಗಬಹುದು, ಪೈಪ್ ಎಳೆದು ನೀರು ಸೋರಬಹುದು. ಅದಕ್ಕಿಂತ ಭಯದ ವಿಷಯ ಬಾನೆಟ್ ಲಾಕ್. ಅದು ಸರಿಯಾಗಿ ಕಚ್ಚದಿದ್ದರೆ ಹೈವೇಯಲ್ಲಿ ವೇಗವಾಗಿ ಹೋಗುವಾಗ ಬಾನೆಟ್ ಎದ್ದು ಮುಂದಿನ ಗಾಜನ್ನೇ ಮುಚ್ಚಿಬಿಡಬಹುದು. ಹಿಂದಿನ ಸೀಟಿನಲ್ಲಿ ಮಕ್ಕಳಿರುವಾಗ ಇದು ಬೇಕಾ?

ಪತ್ತೆ ಮಾಡುವುದು ಕಷ್ಟವೇನಲ್ಲ. ಬಾನೆಟ್ ಮುಚ್ಚಿ ಎಡಬಲದ ಸಂದು ನೋಡಿ. ಒಂದು ಕಡೆ ಕಿರುಬೆರಳು ತೂರುವಷ್ಟು, ಇನ್ನೊಂದು ಕಡೆ ಉಗುರೂ ಹೋಗದಷ್ಟು ಇದ್ದರೆ ಅನುಮಾನ ಪಡಿ. ಬಾನೆಟ್ ತೆಗೆದು ಮುಂದಿನ ಅಡ್ಡಪಟ್ಟಿಯಲ್ಲಿ ಮಡಿಕೆ ಬಿದ್ದಿದೆಯಾ, ಬಣ್ಣ ಬಿರಿದಿದೆಯಾ ಗಮನಿಸಿ. ಬ್ಲೌಸ್ ಅಳತೆಯ ಟೇಪ್ ಇದೆಯಲ್ಲ, ಅದೂ ಇಲ್ಲಿ ಉಪಯೋಗಕ್ಕೆ ಬರುತ್ತೆ! ಚೌಕಟ್ಟಿನ ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ, ಬಲ ಮೇಲ್ತುದಿಯಿಂದ ಎಡ ಕೆಳತುದಿಗೆ ಅಳೆಯಿರಿ. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸವಿದ್ದರೆ ಚೌಕಟ್ಟು ಸೊಟ್ಟಗಾಗಿರುವ ಸಾಧ್ಯತೆ ಹೆಚ್ಚು. ಕಾರಿನ ಕೆಳಗೆ ಹಸಿರು ಅಥವಾ ಗುಲಾಬಿ ಹನಿ ಬಿದ್ದಿದ್ದರೆ ಅದು ಕೂಲೆಂಟ್. ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿ, ಬೆಕ್ಕು ಹತ್ತಿರ ಸುಳಿಯುವ ಮುನ್ನ ತೊಳೆದುಬಿಡಿ.

ಮನೆಯಲ್ಲೇ ಬದಲಾಯಿಸಬಹುದಾ ಅಂತೀರಾ? ಮೇಲಿನ ಅಡ್ಡಪಟ್ಟಿಯನ್ನು ಬೋಲ್ಟಿನಿಂದ ಕೂರಿಸಿದ್ದರೆ ಆಗುತ್ತೆ. ವೆಲ್ಡಿಂಗ್ ಮಾಡಿದ್ದರೆ ಗ್ಯಾರೇಜೇ ಗತಿ. ಬೋಲ್ಟಿನ ತಲೆ ಕಣ್ಣಿಗೆ ಕಾಣುತ್ತೆ. ವೆಲ್ಡಿಂಗ್ ಆದರೆ ಕೂಡುವ ಜಾಗದಲ್ಲಿ ಸಾಲಾಗಿ ಬಿಲ್ಲೆಯಂಥ ಗುಳಿಗಳಿರುತ್ತವೆ. ಕೆಳಗಿನ ಪಟ್ಟಿ ಬಾಗಿದ್ದರೆ, ಕಂಡೆನ್ಸರ್ ಒತ್ತಿಹೋಗಿದ್ದರೆ ಅಥವಾ ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಕೈ ಹಾಕಲೇಬೇಡಿ.

ಬಿಚ್ಚುವ ಮೊದಲು ಇನ್ಶೂರೆನ್ಸ್ ಯೋಚನೆ ಮಾಡಿ. ಕ್ಲೇಮ್ ಮಾಡುವುದಾದರೆ ಸರ್ವೇಯರ್ ನೋಡುವವರೆಗೆ ಒಂದು ಸ್ಕ್ರೂ ಕೂಡ ತೆಗೆಯುವಂತಿಲ್ಲ. 1500 ಸಿ.ಸಿ.ವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಮೊದಲ ಸಾವಿರ ರೂಪಾಯಿ ನಮ್ಮದೇ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಮುರಿದುಕೊಳ್ಳುತ್ತಾರೆ. ಮೇಲಿಂದ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತೆ. 5 ವರ್ಷ ಕ್ಲೇಮ್ ಮಾಡದೆ 50 ಶೇಕಡಾ ಬೋನಸ್ ಗಳಿಸಿದವರು ಒಂದು ಪಟ್ಟಿಗಾಗಿ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ ಅಂತ ನನ್ನ ಲೆಕ್ಕ.

ಬಿಡಿಭಾಗ ಕೊಳ್ಳಲು ಹೋಗುವಾಗ ಆರ್.ಸಿ. ಕೈಯಲ್ಲಿರಲಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಕಾರಿನ ಹೆಸರೊಂದೇ ಸಾಲದು, ತಯಾರಾದ ವರ್ಷ, ಚಾಸಿ ನಂಬರ್ ಕೊಡಿ. ಹಳೆಯ ಪಟ್ಟಿಯ ಫೋಟೋ ತೋರಿಸಿ ತೂತುಗಳು ಹೊಂದುತ್ತವಾ ನೋಡಿಯೇ ದುಡ್ಡು ಕೊಡಿ.

ಕೆಲಸ ಒಬ್ಬರಿಂದಾಗದು, ಮನೆಯವರನ್ನೋ ದೊಡ್ಡ ಮಗನನ್ನೋ ಕರೆಯಿರಿ. ಕಾರು ಸಮತಟ್ಟು ಜಾಗದಲ್ಲಿರಲಿ, ಎಂಜಿನ್ ಪೂರ್ತಿ ಆರಿರಲಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುಕ್ಕರಿನ ಮುಚ್ಚಳ ಬಲವಂತವಾಗಿ ತೆಗೆದ ಹಾಗೇ. ಬಳೆ, ಉಂಗುರ ಬಿಚ್ಚಿಡಿ, ಮಾಂಗಲ್ಯದ ಸರ ಬಟ್ಟೆಯೊಳಗಿರಲಿ. ಬ್ಯಾಟರಿಯ ಎರಡು ತುದಿಗೂ ಲೋಹ ತಾಗಿದರೆ ಕಿಡಿ ಹಾರುತ್ತೆ. ಬ್ಯಾಟರಿಯ ಮೈನಸ್ ವೈರನ್ನು ಮೊದಲು ಬಿಚ್ಚಿ. ಕೆಲವು ಕಾರುಗಳ ಫ್ಯಾನ್ ಕೀಲಿ ತೆಗೆದ ಮೇಲೂ ತಾನಾಗಿಯೇ ತಿರುಗುತ್ತೆ, ಹುಷಾರು!

ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೋಲ್ಟ್‌ಗಳನ್ನು ಹಳೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜಾಗವಾರು ಇಟ್ಟರೆ ಅದಲುಬದಲಾಗಲ್ಲ. ಸಾಮಾನ್ಯವಾಗಿ 10 ಮತ್ತು 12ರ ಸ್ಪ್ಯಾನರ್ ಸಾಕು. ಹಲವು ಕಾರುಗಳಲ್ಲಿ ಮೊದಲು ಬಂಪರ್ ಬರಬೇಕು, ಅದರ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಜೋರಾಗಿ ಎಳೆದರೆ ಮುರಿಯುತ್ತವೆ. ಪಟ್ಟಿ ತೆಗೆಯುವ ಮುನ್ನ ರೇಡಿಯೇಟರನ್ನು ಹಗ್ಗದಿಂದ ಕಟ್ಟಿ, ಭಾರ ಪೈಪಿನ ಮೇಲೆ ಬೀಳದಿರಲಿ. ಅದರ ತೆಳು ರೆಕ್ಕೆಗಳು ಬಾಗದಂತೆ ಮುಂದೊಂದು ರಟ್ಟು ಇಡಿ. ಎ.ಸಿ. ಪೈಪು ಸಡಿಲಿಸಲೇಬಾರದು, ಗ್ಯಾಸ್ ಒತ್ತಡದಲ್ಲಿರುತ್ತೆ. ಹಳದಿ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದು, ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಹೊಸ ಪಟ್ಟಿಗೆ ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಉಳಿದ ತೂತು ಕೂಡಲ್ಲ. ಬಾನೆಟ್ ಲಾಕ್ ಮತ್ತು ಅದರ ಕೇಬಲ್ ಹಾಕಿದ ಮೇಲೆ, ಬಾನೆಟ್ ಮುಚ್ಚುವ ಮೊದಲೇ, ಸ್ಕ್ರೂಡ್ರೈವರಿನಿಂದ ಲಾಕ್ ಒತ್ತಿ, ಒಳಗಿನಿಂದ ಎಳೆದರೆ ಬಿಡುತ್ತಾ ನೋಡಿ. ಕೇಬಲ್ ಸರಿಯಿಲ್ಲದೆ ಮುಚ್ಚಿಬಿಟ್ಟರೆ ಮತ್ತೆ ತೆಗೆಯುವಷ್ಟರಲ್ಲಿ ಸಾಕುಬೇಕಾಗುತ್ತೆ. ಮುಚ್ಚಿದ ಮೇಲೆ ಕೈಯಿಂದ ಎತ್ತಿ ನೋಡಿ, ಕದಲಬಾರದು. ಲಿವರ್ ಎಳೆದಾಗಲೂ ಎರಡನೇ ಕೊಕ್ಕೆ ಹಿಡಿದಿರಬೇಕು.

ಬ್ಯಾಟರಿ ಜೋಡಿಸಿ, ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ಕೆಳಗೆ ಹಳೇ ಪೇಪರ್ ಹಾಸಿ ಹನಿ ಬೀಳುತ್ತಾ ನೋಡಿ. ಸಂಜೆ ಗೋಡೆಗೆ ಹೆಡ್‌ಲೈಟ್ ಬಿಟ್ಟರೆ ಎರಡೂ ಬೆಳಕು ಒಂದೇ ಎತ್ತರದಲ್ಲಿ ಬೀಳಬೇಕು. ಮೊದಲ ಸವಾರಿ ತರಕಾರಿ ಅಂಗಡಿವರೆಗೆ ಸಾಕು. ವಾಪಸ್ ಬಂದು, ಎಂಜಿನ್ ಆರಿದ ಮೇಲೆ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಕೊಟ್ಟು ನೋಡಿ.