ಹಸಿರು ಗುಡ್ಡದ ಕೆಂಪು ಲೋಹ

ಊರು ಗುಡ್ಡಗಳಿಗೆ ಹೆಸರಿಟ್ಟವರು ಯಾರೆಂದು ನಮಗೆ ತಿಳಿಯದು. ಆದರೆ ಅವರು ಕಣ್ಣುಳ್ಳವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ಮಂಗೋಲಿಯದ ದಕ್ಷಿಣ ಭಾಗದಲ್ಲಿ, ಚೀನದ ಗಡಿಯಿಂದ ಸುಮಾರು 80 ಕಿಲೋಮೀಟರು ದೂರದಲ್ಲಿ, ಗೋಬಿ ಮರುಭೂಮಿಯೊಳಗೆ ಓಯು ತೊಲ್ಗೊಯ್ ಎಂಬುದೊಂದು ಸ್ಥಳವಿದೆ. ‘ಓಯು’ ಎಂದರೆ ನಮ್ಮ ಅಕ್ಕಸಾಲಿಗರು ಪಿರೋಜಾ ಎಂದು ಕರೆಯುವ ನೀಲಿಹಸಿರು ಕಲ್ಲು. ‘ತೊಲ್ಗೊಯ್’ ಎಂದರೆ ತಲೆ, ಗುಡ್ಡ. ಬೆಟ್ಟಕ್ಕೆ ನೆತ್ತಿಯನ್ನು ಕಲ್ಪಿಸಿಕೊಂಡಿರುವ ನಮಗೆ ಈ ಅರ್ಥವಿಸ್ತಾರ ಅಪರಿಚಿತವೆನಿಸದು.

ನಾನು ಭೂವಿಜ್ಞಾನ ಓದಿದವನಲ್ಲ. ಕನ್ನಡ ಪಾಠ ಹೇಳುವವನು. ಮಾತಿನ ಬೆನ್ನು ಹತ್ತಿಯೇ ಈ ವಿಷಯಕ್ಕೆ ಬಂದೆ. ನಾವು ನೀರು ಕುಡಿಯುವ ‘ಚೆಂಬು’ ಮೂಲದಲ್ಲಿ ಪಾತ್ರೆಯ ಹೆಸರಲ್ಲ, ಲೋಹದ ಹೆಸರು. ತಮಿಳಿನಲ್ಲಿ ‘ಚೆಂಬು’ ಎಂದರೆ ಇಂದಿಗೂ ತಾಮ್ರವೇ. ಕೆಂಪನ್ನು ಹೇಳುವ ದ್ರಾವಿಡ ಧಾತುವಿಗೆ ಸೇರಿದ ಮಾತದು. ನಮ್ಮವರು ತಾಮ್ರವನ್ನು ಅದರ ಕೆಂಪಿನಿಂದ ಗುರುತಿಸಿದರು. ಗೋಬಿಯ ಜನ ತಮ್ಮ ಗುಡ್ಡವನ್ನು ಹಸಿರಿನಿಂದ ಗುರುತಿಸಿದರು. ಎರಡೂ ನಿಜವೇ. ಒಲೆಯಿಂದ ಹೊರಬಂದ ತಾಮ್ರ ಕೆಂಪು; ಗಾಳಿ ಮಳೆಗಳಿಗೆ ಮೈಯೊಡ್ಡಿದ ತಾಮ್ರದ ಅದಿರು ಹಸಿರು. ಪಿರೋಜಾ ಕಲ್ಲಿನ ಬಣ್ಣಕ್ಕೂ ಅದರೊಳಗಿನ ತಾಮ್ರವೇ ಕಾರಣ.

ಈ ತಾಮ್ರ ಅಲ್ಲಿಗೆ ಬಂದುದು ಸುಮಾರು 37 ಕೋಟಿ ವರ್ಷಗಳ ಹಿಂದೆ. ಇಂದು ಮರಳಾಗಿರುವ ಆ ಪ್ರದೇಶ ಅಂದು ಒಂದು ಪ್ರಾಚೀನ ಸಾಗರದ ಅಂಚಿನ ಅಗ್ನಿಪರ್ವತಗಳ ಸಾಲಾಗಿತ್ತು. ಕೆಳಗಿನಿಂದ ಮೇಲೇರಿದ ಶಿಲಾರಸವು ಭೂಮಿಯ ಮೇಲ್ಮೈಯನ್ನು ಮುಟ್ಟದೆ ನಡುದಾರಿಯಲ್ಲಿಯೇ ತಣಿಯಿತು. ಆಗ ಅದರಿಂದ ಬೇರೆಯಾದ ಬಿಸಿನೀರು ಸುತ್ತಲಿನ ಬಂಡೆಯನ್ನು ಸಾವಿರಾರು ಸಣ್ಣ ಬಿರುಕುಗಳಾಗಿ ಒಡೆದು, ಗಂಧಕದೊಡನೆ ಕೂಡಿದ ತಾಮ್ರವನ್ನೂ, ಕೊಂಚ ಚಿನ್ನವನ್ನೂ ಆ ಬಿರುಕುಗಳಲ್ಲಿ ಬಿಟ್ಟುಹೋಯಿತು. ಇಂಥ ನಿಕ್ಷೇಪಗಳಿಗೆ ಪಾರ್ಫಿರಿ ಎಂದು ಹೆಸರು. ಇಲ್ಲಿ ಲೋಹವು ಗಟ್ಟಿಯಾಗಿ ಒಂದೆಡೆ ಸಿಕ್ಕುವುದಿಲ್ಲ. ಬೂದಿಯಲ್ಲಿ ಕಿಡಿ ಚದುರಿದಂತೆ ಇಡೀ ಬಂಡೆಯಲ್ಲಿ ಹರಡಿಕೊಂಡಿರುತ್ತದೆ. ನೂರು ಕಿಲೋ ಕಲ್ಲಿನಲ್ಲಿ ಒಂದು ಕಿಲೋ ತಾಮ್ರವಿದ್ದರೆ ಅದು ಒಳ್ಳೆಯ ಅದಿರು. ಎಂದರೆ, ಅರ್ಧ ಕಿಲೋ ತೂಕದ ಒಂದು ಚೆಂಬಿಗೆ ಕಡಿಮೆಯೆಂದರೂ 50 ಕಿಲೋ ಕಲ್ಲು ಪುಡಿಯಾಗಬೇಕು!

ಹೆಸರು ಇಷ್ಟು ಸ್ಪಷ್ಟವಾಗಿ ಹೇಳಿದ್ದರೂ ನಿಕ್ಷೇಪದ ನಿಜವಾದ ವಿಸ್ತಾರ ಬೇಗನೆ ತಿಳಿಯಲಿಲ್ಲ. 1980ರ ದಶಕದಲ್ಲಿ ಮಂಗೋಲಿಯದ ಮತ್ತು ಸೋವಿಯೆತ್ ದೇಶದ ತಜ್ಞರು ನಡೆಸಿದ ಸಮೀಕ್ಷೆಯಲ್ಲಿ ಈ ಸುತ್ತಿನ ಮಣ್ಣಿನಲ್ಲಿ ಲೋಹಗಳ ಸುಳಿವು ಕಂಡಿತ್ತು. 1996ರಲ್ಲಿ ಮಂಗೋಲಿಯದ ಭೂವಿಜ್ಞಾನಿ ಗರಮ್‌ಜಾವ್ ಅವರು ವಿದೇಶೀ ಸಹೋದ್ಯೋಗಿಗಳನ್ನು ಈ ಗುಡ್ಡಕ್ಕೆ ಕರೆತಂದು ತೋರಿಸಿದರು. ಆಸ್ಟ್ರೇಲಿಯದ ಬಿಎಚ್‌ಪಿ ಸಂಸ್ಥೆಯು 1997 ಮತ್ತು 1998ರಲ್ಲಿ 23 ಕೊಳವೆಗಳನ್ನು ಕೊರೆಯಿತು. ತಾಮ್ರ ಸಿಕ್ಕಿತು, ಆದರೆ ಆ ದೊಡ್ಡ ಸಂಸ್ಥೆಯ ಅಳತೆಗೆ ಅದು ಸಾಲದೆನಿಸಿತು. 2000ದಲ್ಲಿ ಕೆನಡದ ಐವನ್‌ಹೋ ಎಂಬ ಚಿಕ್ಕ ಕಂಪೆನಿಯು ಅದನ್ನು ಕೈಗೆತ್ತಿಕೊಂಡಿತು.

ಅವರೂ ಮೊದಲಿಗೆ ಹುಡುಕಿದುದು ಮೇಲಣ ಪದರವನ್ನೇ. ಮಳೆಯ ನೀರು ಮೇಲಿನ ತಾಮ್ರವನ್ನು ಕರಗಿಸಿ ತುಸು ಕೆಳಗೆ ಮತ್ತೆ ಶೇಖರಿಸಿಟ್ಟಿರುತ್ತದೆ. ತೆಗೆಯಲು ಸುಲಭವಾದ ಅದಿರು ಅದು. ಆದರೆ 2001ರಲ್ಲಿ ಆಳಕ್ಕೆ ಇಳಿಸಿದ 150ನೆಯ ಕೊಳವೆಯು ಇಡೀ ಕಥೆಯನ್ನೇ ಬದಲಿಸಿತು. 508 ಮೀಟರುಗಳ ಉದ್ದಕ್ಕೂ ಶೇಕಡ 0.81ರಷ್ಟು ತಾಮ್ರ, ಟನ್ನಿಗೆ ಒಂದು ಗ್ರಾಮಿಗೂ ಮಿಕ್ಕಿ ಚಿನ್ನ. ಮರುವರ್ಷ, ಮೇಲೆ ಯಾವ ಗುರುತೂ ಕಾಣದ ಉತ್ತರದ ಬಯಲಿನಲ್ಲಿ ಕೊರೆದ 270ನೆಯ ಕೊಳವೆಯಲ್ಲಿ 638 ಮೀಟರುಗಳ ಉದ್ದಕ್ಕೆ ಶೇಕಡ 1.6ರಷ್ಟು ತಾಮ್ರ ದೊರೆಯಿತು. ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ, ಅದನ್ನು ಕ್ಷಣಕಾಲ ಹಿಡಿದಿಡುವ ಗಂಧಕಯುಕ್ತ ಖನಿಜಗಳನ್ನು ಗುರುತಿಸುವ ವಿಧಾನ ಈ ಅನ್ವೇಷಣೆಗೆ ನೆರವಾಯಿತು. ಆ ಭಾಗಕ್ಕೆ ಭೂವಿಜ್ಞಾನಿ ಹ್ಯೂಗೋ ಡಮ್ಮೆಟ್ ಅವರ ಹೆಸರಿಟ್ಟರು. ಹಳೆಯ ಹೆಸರು ಕಣ್ಣಿಗೆ ಕಂಡುದನ್ನು ಹೇಳಿತು. ಕಾಣದಿದ್ದುದಕ್ಕೆ ಹೊಸ ಹೆಸರು ಬೇಕಾಯಿತು.

ಮುಂದಿನದು ನಾಡಿನ ಕಥೆ. 2009ರ ಒಪ್ಪಂದದಂತೆ ಮಂಗೋಲಿಯ ಸರಕಾರಕ್ಕೆ ಶೇಕಡ 34ರ ಪಾಲು. ಉಳಿದುದು ಇಂದು ರಿಯೊ ಟಿಂಟೊ ಸಂಸ್ಥೆಯದು. 2013ರಲ್ಲಿ ತೆರೆದ ಗಣಿಯ ಅದಿರು ಹೊರಟಿತು. 2023ರಲ್ಲಿ ಸುಮಾರು 1,300 ಮೀಟರು ಆಳದ ನೆಲದಡಿಯ ಗಣಿಯಲ್ಲಿ ಉತ್ಪಾದನೆ ಆರಂಭವಾಯಿತು. ದೇಶದ ಪಾಲಿನ ಬಂಡವಾಳವೂ ಸಾಲವಾಗಿಯೇ ಬಂದುದರಿಂದ ಬಡ್ಡಿ ಬೆಳೆದು, ಲಾಭ ಕಾಣುವ ಮೊದಲೇ ಸಾಲ ಬೆಟ್ಟವಾಯಿತು. 2022ರಲ್ಲಿ ಸುಮಾರು 240 ಕೋಟಿ ಡಾಲರುಗಳನ್ನು ಮನ್ನಾ ಮಾಡಬೇಕಾಯಿತು.

ಇನ್ನೊಂದು ಲೆಕ್ಕ ನೀರಿನದು. ಗಣಿಗಾಗಿ ಉಂಡೈ ಹೊಳೆಯ ಪಾತ್ರವನ್ನು ತಿರುಗಿಸಿದರು. ವರ್ಷದ ಬಹುಭಾಗ ಮರಳಿನಡಿಯಲ್ಲಿಯೇ ಹರಿಯುವ ಅಂಥ ಹೊಳೆಯನ್ನು ನೆಚ್ಚಿ ಒಂಟೆ, ಕುರಿಗಳನ್ನು ಸಾಕುವ ಅಲೆಮಾರಿ ಪಶುಪಾಲಕರು 2012ರಲ್ಲಿ ದೂರಿತ್ತರು. ಗಣಿಯು ಉಪಯೋಗಿಸುವುದು ಆಳದ ಉಪ್ಪುನೀರನ್ನು ಮಾತ್ರ ಎಂಬುದು ಸಂಸ್ಥೆಯ ಉತ್ತರ. ಐದು ವರ್ಷಗಳ ಮಾತುಕತೆಯ ಬಳಿಕ 2017ರಲ್ಲಿ ಪಶುಪಾಲಕರೂ ಸ್ಥಳೀಯ ಆಡಳಿತವೂ ಗಣಿಯವರೂ ಕೂಡಿ ಒಂದು ಒಪ್ಪಂದಕ್ಕೆ ಬಂದರು.

ತಾಮ್ರ ಬೇಡವೆನ್ನಲು ನಾವಾರೂ ಅರ್ಹರಲ್ಲ. ನಮ್ಮ ಮನೆಯ ದೀಪಕ್ಕೆ ವಿದ್ಯುತ್ತನ್ನು ತರುವ ತಂತಿಯೂ ತಾಮ್ರದ್ದೇ. ಆದರೆ 37 ಕೋಟಿ ವರ್ಷ ಬಂಡೆಯೊಳಗೆ ಕಾದಿದ್ದ ಲೋಹ ಇನ್ನೂ ಕೆಲವು ವರ್ಷ ಕಾಯಬಲ್ಲದು. ಬಾವಿಯ ಬಳಿ ನಿಂತ ಒಂಟೆ ಒಂದು ಬೇಸಗೆಯನ್ನೂ ಕಾಯಲಾರದು. ಚೆಂಬು ತಾಮ್ರದ್ದಾದರೆ ಸಾಲದು, ಅದರಲ್ಲಿ ನೀರೂ ಇರಬೇಕು.